ಹಲ್ಲು ಬಂತು, ಅಜ್ಜಿ ಬರಲಿಲ್ಲ

ಹೊಸ ಹಲ್ಲಿನ ಸೆಟ್ಟು ಒತ್ತಿ ದುಗ್ಗಮ್ಮಜ್ಜಿಯ ವಸಡು ಹುಣ್ಣಾಗಿತ್ತು. ವಾರವಾರವೂ ಬಾಡಿಗೆ ಜೀಪಿನಲ್ಲಿ ಹೊಗೆ ಕುಡಿದು, ವಾಂತಿ ಮಾಡಿಕೊಂಡು ಪೇಟೆಗೆ ಹೋಗಬೇಕು. ಡಾಕ್ಟರ್ ಸುಧೀಂದ್ರರು ಬಾಯೊಳಗೆ ಇಣುಕಿ, "ವಾಸಿ ಆಗ್ತಿದೆ, ಹೋಗಿ" ಅನ್ನಬೇಕು.

"ಫೋನಲ್ಲೇ ತೋರಿಸ್ಲಾ ಸಾರ್? ಒಂದು ಬಾಯಿ ನೋಡೋಕೆ ಊರಿಗೆಲ್ಲ ಯಾಕೆ ಹೊಗೆ?" ಅಜ್ಜಿ ಕೇಳಿದರು.

"ಫೋನು ಗೀನು ನಡೆಯಲ್ಲ! ಹಲ್ಲು ನನ್ನ ಮೇಜಿಗೇ ಬರಬೇಕು, ಅಷ್ಟೇ!"

ಬಂತು. ದಿನಾ ಹೇಗೂ ಪೇಟೆಗೆ ಹೋಗುವ ಹಾಲಿನ ವ್ಯಾನಿನಲ್ಲಿ, ಟಿಫನ್ ಡಬ್ಬಿಯೊಳಗೆ, ಬರೀ ಹಲ್ಲಿನ ಸೆಟ್ಟು.

ಡಾಕ್ಟರು ಬೆಚ್ಚಿಬಿದ್ದು, ತಾವೇ ವಿಡಿಯೋ ಕಾಲ್ ಮಾಡಿದರು. "ಏನಜ್ಜಿ ಇದು? ವಸಡೆಲ್ಲಿ?"

"ಇಲ್ಲೇ ಇದೆ ಸಾರ್." ಅಜ್ಜಿ ಬೊಚ್ಚುಬಾಯಿ ಅಗಲಿಸಿದರು.

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. "ಪೂರ್ತಿ ವಾಸಿಯಾಗಿದೆ. ಇನ್ಮೇಲೆ ಫೋನೇ ಸಾಕು."

ಅಜ್ಜಿ ನಿರಾಳವಾಗಿ ಉಸಿರುಬಿಟ್ಟರು. "ಹಲ್ಲನ್ನೂ ಆ ವ್ಯಾನಲ್ಲೇ ವಾಪಸ್ ಕಳಿಸಿ ಸಾರ್. ಜೀಪು ಅದಕ್ಕೂ ಆಗಿಬರಲ್ಲ."