ತುದಿ ಸಿಗದ ಆರ್‌ಎನ್‌ಎ

ಹೊಳೆದಂಡೆಯ ಆಶ್ರಮದಲ್ಲಿ ಶರ್ವಾಣಿತಾಯಿ ಸೇವಂತಿಗೆ ಮಾಲೆ ಕಟ್ಟುತ್ತಾ ಕೂತಿದ್ದರು. ಕಾವಿ ಉಡುವ ಮುಂಚೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಹಳೆಯ ಶಿಷ್ಯೆ ಕುಮುದಿನಿ ಬಂದವಳೇ ಕಾಲಿಗೆ ಬಿದ್ದು ಅತ್ತುಬಿಟ್ಟಳು.

“ತಾಯಿ, ಸಂಶೋಧನೆ ಬಿಟ್ಟುಬಿಡ್ತೀನಿ. ನನ್ನ ಕೈಯೇ ಸರಿಯಿಲ್ಲ.”

“ಪಾಪ, ಕೈ ಏನು ಮಾಡಿತಮ್ಮಾ?”

“ಜೀವಕೋಶದಿಂದ ಆರ್‌ಎನ್‌ಎ ಎಳೆಗಳನ್ನು ತೆಗೆದು, ತುದಿಯಿಂದ ತಿಂದು ಬರೋ ಕಿಣ್ವ ಹಾಕಿದೆ. ಎಲ್ಲವೂ ಮುಗೀಬೇಕಿತ್ತು. ಒಂದಿಷ್ಟು ಉಳಿದೇ ಉಳೀತು. ಎಷ್ಟು ಸಲ ಮಾಡಿದರೂ ಅಷ್ಟೇ! ನಮ್ಮ ಗೈಡ್ ಸರ್ ನಕ್ಕುಬಿಟ್ಟರು, ಚೆಲ್ಲು ಅಂದರು.”

“ಚೆಲ್ಲಿದೆಯಾ?”

“ಇಲ್ಲ. ನಾಳೆ ಚೆಲ್ಲಿ ಊರಿಗೆ ಹೊರಡ್ತೀನಿ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನೋ, ನೆಲವನ್ನು ನೋಡದೇನೇ ಕಾಲು ಡೊಂಕು ಅಂತೀಯಲ್ಲೇ!”

ತಾಯಿ ಒಂದು ಮಾಲೆಯನ್ನು ಅವಳ ಕೈಗಿತ್ತರು. ನಡುವೆ ಹೂವು, ಮೂರ್ತಿಗೆ ಕಟ್ಟಲೆಂದು ಎರಡೂ ಕಡೆ ಬರಿ ಬಾಳೆನಾರು.

“ಬಿಚ್ಚು.”

“ಅಯ್ಯೋ, ದೇವರ ಮಾಲೆ ತಾಯಿ!”

“ದೇವರು ಏನೂ ಅಂದುಕೊಳ್ಳೋದಿಲ್ಲ. ಬಿಚ್ಚು.”

ಕುಮುದಿನಿ ತುದಿ ಹಿಡಿದು ಎಳೆದಳು. ಒಂದೊಂದೇ ಹೂವು ಉದುರಿ ಮಾಲೆ ಮುಗಿದೇಹೋಯಿತು.

ತಾಯಿ ಇನ್ನೊಂದನ್ನು ಎತ್ತಿಕೊಂಡರು. ಎರಡೂ ಕಡೆಯ ನಾರನ್ನು ಹತ್ತಿರ ತಂದು ಒಂದಕ್ಕೊಂದು ಹೊಸೆದರು. ಕೊನೆಯ ಹೂವು ಬಾಗಿ ಬಂದು ಮೊದಲ ಹೂವಿನ ಪಕ್ಕ ಕೂತಿತು. ಅವೆರಡನ್ನೂ ಬಿಗಿಯಾಗಿ ಸೇರಿಸಿ ಕಟ್ಟಿ, ಮಿಕ್ಕ ನಾರನ್ನು ಕತ್ತರಿಸಿ ಎಸೆದರು.

“ಕೋಶವೂ ಆರ್‌ಎನ್‌ಎಯ ಬೇಡದ ತುಂಡು ಕತ್ತರಿಸಿ, ಬೇಕಾದ್ದನ್ನು ಸಾಲಾಗಿ ಜೋಡಿಸುತ್ತೆ. ಕೆಲವೊಮ್ಮೆ ಆಚೀಚೆಯ ಬೇಡದ ತುಂಡುಗಳೇ ಹೀಗೆ ಒಂದಕ್ಕೊಂದು ಅಂಟಿಕೊಳ್ತವೆ. ಆಗ ನಡುವಿನದರ ಬಾಲ ಬಂದು ತಲೆಗೇ ಬೆಸೆದುಕೊಂಡು ಬಳೆಯಾಗುತ್ತೆ.”

“ಅದು ಕೋಶದ ತಪ್ಪಲ್ಲವೇ?”

“ಬಹಳ ಕಾಲ ದೊಡ್ಡದೊಡ್ಡವರೂ ಹಾಗೇ ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಕೆಲವು ಬಳೆಗಳಿಗೆ ಕೋಶದಲ್ಲಿ ಕೆಲಸವೂ ಇದೆ ಅಂತ. ತಗೋ, ಇದನ್ನೂ ಬಿಚ್ಚು.”

ಕುಮುದಿನಿ ಮಾಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲಿಂದ ಶುರುಮಾಡುವುದು? ಕಿಣ್ವಕ್ಕೂ ಹೀಗೇ ಆಗಿರಬೇಕು ಅನ್ನಿಸಿದ್ದೇ ತಡ, ಅವಳಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ಕಣ್ಣಲ್ಲಿ ನೀರಿರುವಾಗಲೇ ನಕ್ಕಳು.

“ಹಾಗಾದರೆ ನನ್ನ ಹತ್ತಿರ ಉಳಿದಿರೋದು...”

“ಬಳೆಯೇ ಇರಬಹುದು. ಚೆಲ್ಲಬೇಡ, ಹೋಗಿ ಪರೀಕ್ಷೆ ಮಾಡು.”

“ಸರ್ ಮತ್ತೆ ನಕ್ಕರೆ?”

“ನಗಲಿ ಬಿಡು. ಈ ಮಾಲೆಯನ್ನ ಅವರ ಕೈಗೆ ಕೊಟ್ಟು, ತುದಿ ಹುಡುಕಿಕೊಡಿ ಅನ್ನು.”