ಇಬ್ಬರು ಖಳರ ಪ್ರವೇಶ

ತುಂಗಭದ್ರೆಯ ದಂಡೆಯಲ್ಲೊಂದು ಮಠ. ಅಲ್ಲಿ ಹಾಲಪ್ಪಜ್ಜ ದೊಡ್ಡಾಟ ಕಲಿಸುತ್ತಿದ್ದರು. ಕಲಿಯಲು ಬಂದವರಲ್ಲಿ ಗವಿಸಿದ್ಧ ಅಂತ ಒಬ್ಬ. ವರ್ಷಗಟ್ಟಲೆ ಪರದೆ ಹಿಡಿದಿದ್ದ, ಬೇರೆಯವರ ಕಿರೀಟ ಒರೆಸಿದ್ದ, ಒಮ್ಮೆಯೂ ಬಣ್ಣ ಹಚ್ಚಿರಲಿಲ್ಲ. ಬಣ್ಣ ಹಚ್ಚಬೇಕು, ರಂಗಕ್ಕೆ ಬರಬೇಕು. ಅವನಿಗೆ ಬೇಕಿದ್ದುದು ಇಷ್ಟೇ.

ಒಂದು ದಿನ ಅವನು ಪೇಟೆಗೆ ಹೋಗಿ ಸಿನಿಮಾ ನೋಡಿ ಬಂದ. ಆಕಾಶದಲ್ಲಿ ಹಾರುವ, ಒಂದೇ ಕೈಯಲ್ಲಿ ಬಸ್ಸು ಎತ್ತುವ ವೀರನ ಸಿನಿಮಾ. ಸಿನಿಮಾ ನೋಡಿ ಬಂದವರಿಗೆ ಹಸಿವಾಗುತ್ತದೆ, ಇವನಿಗೆ ಸಿಟ್ಟು ಬಂದಿತ್ತು. ಕೈಕಾಲು ಸಹ ತೊಳೆಯದೆ ಅಜ್ಜನ ಮುಂದೆ ಬಂದು ಕೂತ.

“ಅನ್ಯಾಯ ಆಗೇತ್ರಿ, ಅಜ್ಜಾರ.”

“ಯಾರಿಗೆ?”

“ಆ ಸಿನಿಮಾದಾಗಿನ ಅಕ್ಕಗ.”

ಕಥೆ ಹೀಗೆ. ಅಕ್ಕ, ತಮ್ಮ, ಇಬ್ಬರೂ ಖಳರು. ಇಬ್ಬರೂ ಸೇರಿ ಅಣೆಕಟ್ಟು ಒಡೆದು ಒಂದು ಊರನ್ನೇ ಮುಳುಗಿಸುತ್ತಾರೆ. ಮನುಷ್ಯರು ಕಡಿಮೆಯಾದರೆ ಭೂಮಿ ಉಳಿಯುತ್ತದೆ ಅನ್ನುವುದು ಅಕ್ಕನ ತತ್ವ. ತಮ್ಮನದು ಬರೀ ಹೊಟ್ಟೆಯುರಿ. ಅಪ್ಪ ಅಕ್ಕನನ್ನು ಮೆರೆಸಿದ, ತನ್ನನ್ನು ಕಣ್ಣೆತ್ತಿಯೂ ನೋಡಲಿಲ್ಲ ಅಂತ. ಕೊನೆಗೆ ಅಕ್ಕ ಪ್ರಪಾತಕ್ಕೆ ಬೀಳುತ್ತಾಳೆ. ತಮ್ಮ ಅಳುತ್ತಾನೆ, ವೀರ ಅವನನ್ನು ಅಪ್ಪಿಕೊಂಡು ಕ್ಷಮಿಸುತ್ತಾನೆ.

“ಆಕಿಗೆ ತನಗಂತ ಏನೂ ಬೇಕಿರಲಿಲ್ಲರಿ. ತಮ್ಮ ಆ ಮಂದೀನ ನಕ್ಕೋತ ಕೊಂದ. ಎರಡು ಹನಿ ಕಣ್ಣೀರು ಹಾಕಿದ್ದಕ್ಕ ಇವಗ ಅಪ್ಪುಗೆ, ಆಕಿಗೆ ಪ್ರಪಾತ. ಯಾವ ನ್ಯಾಯರಿ ಇದು? ನನಗಂತೂ ಮೈ ಉರೀತೈತಿ.”

“ಅಷ್ಟು ಉರಿಯೋದಾದರ ಆಟ ಬರಿ,” ಅಂದರು ಅಜ್ಜ. “ಇಬ್ಬರನ್ನೂ ರಂಗಕ್ಕ ತಾ. ನನಗ ಒಪ್ಪಿಗಿ ಆದರ ಬರೋ ಹುಣ್ಣಿವಿಗೆ ನೀನ ಬಣ್ಣ ಹಚ್ಚು.”

ಗವಿಸಿದ್ಧನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೊಡ್ಡಾಟದಲ್ಲಿ ಒಂದು ಪದ್ಧತಿ ಇದೆ. ಯಾವ ಪಾತ್ರ ಬಂದರೂ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಯಾವ ಊರು, ಬಂದ ಕಾರಣವೇನು? ರಾಜನಾಗಲಿ ರಾಕ್ಷಸನಾಗಲಿ, ಉತ್ತರ ಹೇಳದೆ ಆಟ ಮುಂದುವರಿಯುವುದಿಲ್ಲ. ಹಾಗಾಗಿ ಗವಿಸಿದ್ಧ ಮೊದಲು ಆ ಇಬ್ಬರ ಉತ್ತರ ಬರೆದು ಬಾಯಿಪಾಠ ಮಾಡಿದ.

ಅಂಗಳದಲ್ಲಿ ಪರದೆ ಹಿಡಿದರು. ಮದ್ದಳೆ ಬಡಿದರು. ಅಜ್ಜ ತಾವೇ ಸಾರಥಿಯಾದರು.

“ಬಂದಂಥವರು ತಾವು ಯಾರು?”

ಮೊದಲು ಅಕ್ಕನಾಗಿ ಬಂದ ಗವಿಸಿದ್ಧ ಗತ್ತಿನಿಂದ ಹೇಳಿದ: “ಎಲೈ ಸಾರಥಿ, ಹೊಳೆಗೆ ವಿಷ ಬಿಟ್ಟವರು ಈ ಮನುಷ್ಯರು. ಗುಡ್ಡ ಅಗೆದು ತಿಂದವರು ಇವರು. ಜ್ವರ ಬಂದ ಮಗುವಿಗೆ ತಾಯಿ ಕಹಿ ಕುಡಿಸುವುದಿಲ್ಲವೇ? ನಾನು ಭೂಮಿಗೆ ಔಷಧ ಕುಡಿಸಲು ಬಂದವಳು.”

ಆಮೇಲೆ ತಮ್ಮನಾಗಿ ಬಂದ. “ಎಲೈ ಸಾರಥಿ, ಊಟಕ್ಕೆ ಕೂತಾಗ ನನ್ನಪ್ಪ ಅಕ್ಕನ ತಾಟಿಗೆ ತುಪ್ಪ ಬಡಿಸಿ ಗಿಂಡಿ ಕೆಳಗಿಡುತ್ತಿದ್ದ. ನನ್ನ ತಾಟು ಪಕ್ಕದಲ್ಲೇ ಇತ್ತು. ಒಂದು ದಿನವಾದರೂ ಅವನು ನನ್ನ ಹೆಸರು ಹಿಡಿದು ಕರೆಯಲಿ ಅಂತ ಬಂದವನು ನಾನು.”

ಛೀ ಅನ್ನಿಸಬೇಕು ಅಂತಲೇ ಬರೆದ ಮಾತು. ಹೇಳುತ್ತ ಹೇಳುತ್ತ ಅವನೇ ಅತ್ತುಬಿಟ್ಟ. ನೋಡುತ್ತಿದ್ದವರು ಕಣ್ಣೊರೆಸಿಕೊಂಡರು.

ಅಷ್ಟಕ್ಕೇ ಅಂಗಳ ಎರಡು ಪಾಲಾಯಿತು. ಆಕೆಯದು ಕಲ್ಲುಮನಸ್ಸು, ಆದರೆ ಸ್ವಾರ್ಥವಿಲ್ಲ ಅಂದರು ಕೆಲವರು. ಇವನದು ಸ್ವಾರ್ಥವೇ, ಆದರೂ ಪಾಪ, ನೊಂದ ಜೀವ ಅಂದರು ಉಳಿದವರು. ಒಬ್ಬರ ಅಂಗಿ ಒಬ್ಬರು ಹಿಡಿಯುವವರೆಗೆ ಹೋಯಿತು. ಊರು ಮುಳುಗಿಸಿದವರಿಗೆ ಎಷ್ಟು ಮಂದಿ ವಕೀಲರು ನೋಡಿ.

ಗವಿಸಿದ್ಧ ಅಜ್ಜನ ಕಾಲು ಮುಟ್ಟಿದ. “ಒಪ್ಪಿಗಿ ಆತೇನ್ರಿ?”

“ಇನ್ನೊಂದು ಪಾತ್ರ ಬಾಕಿ ಐತಿ.”

“ವೀರಂದೇನ್ರಿ?”

“ಅವಗೇನು, ಹಾರಿ ಬರ್ತಾನ. ಆ ಊರಾಗ ಮುಳುಗಿ ಸತ್ತರಲ್ಲ, ಅವರೊಳಗ ಒಬ್ಬರು.”

“ಅವರಿಗೆ ಮಾತ ಇಲ್ಲರಿ, ಅಜ್ಜಾರ. ನೀರು ಬರತೈತಿ, ಚೀರ್ತಾರ, ಮುಗೀತು.”

“ಪರದೆ ಹಿಂದ ಹೋಗು. ಅವರಾಗಿ ಬಾ.”

ಗವಿಸಿದ್ಧ ಹೋದ. ಪರದೆ ಸರಿಯಿತು. ಬಂದು ನಿಂತ.

“ಬಂದಂಥವರು ತಾವು ಯಾರು?”

ಅವನು ಬಾಯಿ ತೆರೆದ. ‘ಎಲೈ ಸಾರಥಿ’ ಅಂದ, ಅಷ್ಟಕ್ಕೇ ನಿಂತ.

“ಯಾವ ಊರು?”

ಸಿನಿಮಾದಲ್ಲಿ ಊರಿನ ಹೆಸರು ಹೇಳಿರಲಿಲ್ಲ. ಹೇಳಿದ್ದರೂ ಇವನು ಕಿವಿಗೆ ಹಾಕಿಕೊಂಡಿರಲಿಲ್ಲ.

“ನೀರು ಬಂದಾಗ ಒಲಿ ಮ್ಯಾಲ ಏನಿತ್ತು? ಯಾರ ದಾರಿ ಕಾಯಾಕತ್ತಿದ್ದಿರಿ?”

ಮದ್ದಳೆಯವನು ಕೈ ನಿಲ್ಲಿಸಿದ. ಗವಿಸಿದ್ಧನಿಗೆ ರೇಗಿತು. ಎಲ್ಲರ ಮುಂದೆ ಹೀಗೆ ನಿಲ್ಲಿಸಿದರೆ ಯಾರಿಗೆ ರೇಗುವುದಿಲ್ಲ?

“ನನಗ ಹೆಂಗ ಗೊತ್ತಿರಬೇಕ್ರಿ? ಅವರು ಬರೇ ಮಂದಿ.”

ಅಜ್ಜನ ಮುಖ ಗಂಟಿಕ್ಕಿತು. ಮಠದವರು ಅವರನ್ನು ಅಷ್ಟು ಸಿಟ್ಟಿನಲ್ಲಿ ಎಂದೂ ನೋಡಿರಲಿಲ್ಲ.

“ಬರೇ ಮಂದಿ. ಕೊಂದವನ ಅಪ್ಪ ಯಾರ ತಾಟಿಗೆ ತುಪ್ಪ ಹಾಕಿದ ಅಂಬೋದು ನಿನಗ ಗೊತ್ತೈತಿ. ಸಿನಿಮಾದಾಗ ಆ ತುಪ್ಪ ಇತ್ತೇನು?”

“ಇಲ್ರಿ. ನಾನ ಹುಟ್ಟಿಸಿದೆ.”

“ಕೊಂದವನಿಗೆ ತಾಟು, ತುಪ್ಪ, ಗಿಂಡಿ ಎಲ್ಲಾ ಹುಟ್ಟಿಸಿದಿ. ಸತ್ತವರಿಗೆ ಒಂದು ಹೆಸರು ಹುಟ್ಟಿಸಾಕ ನಿನ್ನ ಕಡಿಂದ ಆಗಲಿಲ್ಲ?”

ಅಂಗಿ ಹಿಡಿದು ಜಗಳಾಡಿದವರು ನೆಲ ನೋಡುತ್ತ ಕೂತರು. ಗವಿಸಿದ್ಧ ಮೆಲ್ಲಗೆ ಕೇಳಿದ.

“ತಪ್ಪಾತ್ರಿ. ಆದರ ಇದೊಂದು ಹೇಳ್ರಿ, ಅಜ್ಜಾರ. ಆ ಇಬ್ಬರೊಳಗ ಹೆಚ್ಚು ಕೆಟ್ಟವರು ಯಾರು?”

“ಊರು ಮುಳುಗಿಸೋ ಮುಂದ ‘ನೀವು ಯಾರು’ ಅಂತ ಅಕ್ಕ ಆ ಮಂದೀನ ಕೇಳಲಿಲ್ಲ. ತಮ್ಮನೂ ಕೇಳಲಿಲ್ಲ. ಅಷ್ಟು ಹೊತ್ತು ಕೂತು ನೋಡಿ ಬಂದ ನೀನೂ ಕೇಳಲಿಲ್ಲ.”

ಗವಿಸಿದ್ಧನ ಕಣ್ಣು ತುಂಬಿತು. “ಹಂಗಾದರ ಹುಣ್ಣಿವಿಗೆ ನಾನು ಬಣ್ಣ ಹಚ್ಚೂದಿಲ್ಲೇನ್ರಿ?”

“ಆ ಇಬ್ಬರು ಖಳರ ಬೆನ್ನಿಗೆ ಹುಟ್ಟಿದ ಮೂರನೇ ಖಳನ ಪಾತ್ರ ಐತಿ, ಅದನ್ನ ಮಾಡು,” ಅಂದರು ಅಜ್ಜ. “ಅದಕ್ಕ ನಿನಗ ಬಣ್ಣ ಬೇಕಾಗೂದಿಲ್ಲ.”