ಬಾಳೆನಾರಿನ ಗಂಟು

ನೀಲಾಂಬಿಕೆಯ ಹೂವಿನಂಗಡಿಯಲ್ಲಿ ಮಧ್ಯಾಹ್ನ ಎಲ್ಲವೂ ತೂಕಡಿಸುತ್ತಿತ್ತು. ಇವತ್ತೂ ಹೂವು ಬಾಡಿದರೆ ಅಂಗಡಿ ಮುಚ್ಚಿಬಿಡುತ್ತೇನೆ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು.

“ಮದುವೆ ಮನೆಯವರು ನಲವತ್ತು ಮಾರು ಮಲ್ಲಿಗೆ ಕೇಳಿದರು, ಇಲ್ಲ ಅಂದೆ,” ಎಂದು ಆರ್ಡರ್ ಬರೆದುಕೊಳ್ಳುವ ಫೋನು ಬಾಳೆನಾರಿಗೆ ಹೇಳಿತು. ಎದುರಿನ ಕೊಕ್ಕೆಯಲ್ಲಿ ತೂಗುವುದಷ್ಟೇ ಅಂಗಡಿಯ ಹೂವೆಂದು ಅದು ನಂಬಿತ್ತು.

ನಾರು ಬಾಗಿಲ ಬಳಿಯ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಒಳಗಿನ ತಂಪು ಕೋಣೆಯಿಂದ ದಾಸ್ತಾನು ಬರೆದಿಡುವ ಕಂಪ್ಯೂಟರ್ ನಿಟ್ಟುಸಿರಿಟ್ಟಿತು: “ಇಲ್ಲಿ ಐವತ್ತು ಮಾರು ಬಾಡುತ್ತಿದೆ.”

“ಅದನ್ನು ಫೋನಿಗೆ ಹೇಳಬಾರದೇ?” ಎಂದಿತು ನಾರು.

“ಅವರು ಕೇಳಿದರೆ ತಾನೇ? ದೊಡ್ಡವರು, ಎದುರಿಗೆ ಕೂತವರು.”

“ಕಟ್ಟದಿದ್ದರೆ ಮಲ್ಲಿಗೆಯೂ ಬರೀ ರಾಶಿ, ಸ್ವಾಮಿ,” ಎಂದ ನಾರು ಕನಸಿನಲ್ಲೆಂಬಂತೆ ನೀರಿನಿಂದೆದ್ದು, ಒಂದು ತುದಿಯನ್ನು ಫೋನಿಗೂ ಇನ್ನೊಂದನ್ನು ಕಂಪ್ಯೂಟರಿಗೂ ಸುತ್ತಿ ಗಂಟು ಹಾಕಿತು. ಫೋನಿಗೆ ಮೊದಲ ಸಲ ಒಳಗಿನ ಘಮ ತಿಳಿಯಿತು. ಅದು ಕೂಡಲೇ ಮದುವೆ ಮನೆಗೆ ಕರೆ ಮಾಡಿತು: “ಮಲ್ಲಿಗೆ ಇದೆ ತಾಯಿ, ಬನ್ನಿ.”

ಸಂಜೆಗೆ ಅವರು ಐವತ್ತೂ ಮಾರು ಒಯ್ದರು; ತಂಪು ಕೋಣೆ ಖಾಲಿಯಾಯಿತು.

ಕೆಲವು ತಿಂಗಳಿಗೆ ನೀಲಾಂಬಿಕೆ ಪಕ್ಕದ ಮಳಿಗೆಯನ್ನೂ ಹಿಡಿದಳು. ಅಂಗಡಿ ಬೆಳೆಸಿದ್ದು ನಾನು, ತಾನು ಎಂದು ಫೋನೂ ಕಂಪ್ಯೂಟರೂ ವಾದಿಸುತ್ತಿದ್ದವು. ಹೊಸ ಮಳಿಗೆಯವರೆಗೂ ಎಟುಕಬೇಕಲ್ಲ ಎಂದು ನಾರು ಮತ್ತೊಂದು ಎಳೆಯನ್ನು ನೆನೆಹಾಕುತ್ತಿತ್ತು.